ಓಡದ ಫಿಲ್ಮು, ಓಡುವ ಕೌಂಟರು

ಹಳೆಯ ಯಂತ್ರ ಕೆಟ್ಟರೆ ನನ್ನ ತಕರಾರಿಲ್ಲ. ಕೆಟ್ಟ ಮೇಲೂ ಚೆನ್ನಾಗಿರುವಂತೆ ನಟಿಸುವ ಯಂತ್ರವನ್ನು ಮಾತ್ರ ಸಹಿಸಲಾರೆ. ನಮ್ಮ ಚಿಕ್ಕಪ್ಪನ ಸೂಪರ್ 8 ಕ್ಯಾಮೆರಾ, ಅಂದರೆ ಎಂಟು ಮಿಲಿಮೀಟರ್ ಫಿಲ್ಮಿನ ಮನೆಬಳಕೆಯ ಸಿನಿಮಾ ಕ್ಯಾಮೆರಾ, ಈ ಎರಡನೆಯ ಜಾತಿಯದು. ಒಳಗೆ ಫಿಲ್ಮು ಸಿಕ್ಕಿಕೊಂಡು ಕದಲದೆ ನಿಂತಿದ್ದರೂ ಮೋಟಾರು ಗುರುಗುಟ್ಟುತ್ತದೆ. ಎಷ್ಟು ಅಡಿ ಫಿಲ್ಮು ಮುಗಿಯಿತೆಂದು ತೋರಿಸಬೇಕಾದ ಕೌಂಟರು ಟ್ರಾಫಿಕ್ಕಿನಲ್ಲಿ ನಿಂತ ಆಟೋದ ಮೀಟರಿನಂತೆ ನಿಷ್ಠೆಯಿಂದ ಏರುತ್ತಲೇ ಇರುತ್ತದೆ.

1965ರಲ್ಲಿ ಸೂಪರ್ 8 ಬರುವ ಮೊದಲು ಮನೆಮಂದಿಯ ಸಿನಿಮಾ ತೆಗೆಯುವವರು ಅರ್ಧ ಚಿತ್ರೀಕರಿಸಿ, ನೆರಳಿನಲ್ಲಿ ಕುಳಿತು ಸುರುಳಿಯನ್ನು ಮಗುಚಿ ಹಾಕಿ, ಉಳಿದರ್ಧ ಚಿತ್ರೀಕರಿಸಬೇಕಿತ್ತು. ಆ ತಾಪತ್ರಯ ತಪ್ಪಿಸಲೆಂದೇ 50 ಅಡಿ ಫಿಲ್ಮನ್ನು ಪ್ಲಾಸ್ಟಿಕ್ ಕಾರ್ಟ್ರಿಜ್‌ನಲ್ಲಿ ಮುಚ್ಚಿಟ್ಟರು. ಸೆಕೆಂಡಿಗೆ 18 ಚೌಕಟ್ಟಿನ ವೇಗದಲ್ಲಿ ಅದು 3 ನಿಮಿಷ 20 ಸೆಕೆಂಡು ಬರುತ್ತದೆ, ಬಂದರೆ. ಬಿಚ್ಚುವ ಸುರುಳಿಯೂ ಸುತ್ತಿಕೊಳ್ಳುವ ಸುರುಳಿಯೂ ಅಕ್ಕಪಕ್ಕದಲ್ಲಿ ಕುಳಿತಿರುವುದರಿಂದ ಫಿಲ್ಮು ಮೈ ತಿರುಚಿಕೊಂಡೇ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಅದಕ್ಕೆ ಮನಸ್ಸಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಅದರ ಮನಸ್ಸನ್ನು ಅರಿಯುವ ವಿದ್ಯೆ ತಮಗೊಬ್ಬರಿಗೇ ಸಿದ್ಧಿಸಿದೆಯೆಂದು ಚಿಕ್ಕಪ್ಪ ನಂಬಿದ್ದಾರೆ. ಕಳೆದ ಭಾನುವಾರ ನನ್ನ ತಂಗಿಯ ಮಗುವಿನ ನಾಮಕರಣದಲ್ಲಿ, ಭಾವನವರು ಬಾಗಿ ಕಿವಿಯಲ್ಲಿ ಹೆಸರು ಹೇಳಿದ ಕ್ಷಣಕ್ಕೆ ಸರಿಯಾಗಿ ಚಿಕ್ಕಪ್ಪ ಕ್ಯಾಮೆರಾವನ್ನು ಕಣ್ಣಿನಿಂದ ಕಿವಿಗೆ ವರ್ಗಾಯಿಸಿ, ಕೈ ಎತ್ತಿ, "ಸ್ವಲ್ಪ ತಡೆಯಿರಿ, ಸದ್ದು ಬದಲಾಗಿದೆ" ಎಂದರು. ಭಾವನವರು ಬಾಗಿದಂತೆಯೇ ನಿಂತರು. ಕ್ಯಾಮೆರಾದ ಬಾಗಿಲು ತೆರೆದು ಕಾರ್ಟ್ರಿಜ್ ಹೊರಗೆಳೆದು, ಮೊದಲು ಅಂಗೈಗೆ ಎರಡು ಏಟು, ಅನಂತರ ತೊಡೆಗೆ, ಕೊನೆಗೆ ಹೋಮಕ್ಕೆಂದು ತಂದಿಟ್ಟಿದ್ದ ಮಣೆಯ ಅಂಚಿಗೆ. ಬಳಿಕ ತೋರುಬೆರಳಿನಿಂದ ಅದರ ನಡುವಿನ ಹಲ್ಲುಚಕ್ರವನ್ನು ಒಂದಿಷ್ಟು ತಿರುಗಿಸಿ, ಮತ್ತೆ ಕಿವಿಗೆ. ಬಾಗಿಲು ತೆರೆದೊಡನೆ ಕೌಂಟರು ಸೊನ್ನೆಗೆ ಬಂದುಬಿಡುವುದರಿಂದ, ಆವರೆಗಿನ ಲೆಕ್ಕವನ್ನು ಆಹ್ವಾನಪತ್ರಿಕೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು ಕೂಡಿಸುವ ಕಾರ್ಯಕ್ರಮ ಬೇರೆ. ಓಡದ ಫಿಲ್ಮಿನ ಅಡಿಗಳನ್ನೂ ಸೇರಿಸಿ ಕೂಡಿಸಿದ ಆ ಮೊತ್ತದಿಂದ ಯಾರಿಗೆ ಏನುಪಯೋಗವೆಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಮಣೆಯ ಏಟಿಗೆ ಎಚ್ಚೆತ್ತ ಮಗು ಕಿರುಚತೊಡಗಿತು. ಹೆಸರನ್ನು ಮತ್ತೊಮ್ಮೆ, ಈ ಸಲ ಬೆಳಕಿನ ಕಡೆ ತಿರುಗಿ ಹೇಳಬೇಕೆಂಬ ಅಪ್ಪಣೆಯಾದಾಗ ಪುರೋಹಿತರು, "ರಾಯರೇ, ಮಗುವಿಗೆ ಕೇಳಿಸಿದೆ, ಕ್ಯಾಮೆರಾಕ್ಕೆ ಬೇರೆ ನಾಮಕರಣ ಇಟ್ಟುಕೊಳ್ಳೋಣ" ಎಂದರು. ಸುತ್ತಲೂ ಮೊಬೈಲು ಹಿಡಿದು ನಿಂತಿದ್ದವರೆಲ್ಲ ಇದನ್ನು ಮಾತ್ರ ಸ್ಪಷ್ಟವಾಗಿ ಚಿತ್ರೀಕರಿಸಿಕೊಂಡರು.

ಚಿಕ್ಕಪ್ಪ ಅಮೆರಿಕದ ಡೆಟ್ರಾಯಿಟ್‌ನಲ್ಲಿದ್ದ ಕಾಲದಲ್ಲಿ ರಜೆಗೆ ಬಂದು ತೆಗೆದ ಫಿಲ್ಮು ಅಲ್ಲಿ ತೊಳೆಸಿಕೊಂಡು ಮುಂದಿನ ರಜೆಗೆ ಮರಳುತ್ತಿತ್ತು. ಮದುವೆಯ ರೀಲು ತಲುಪುವ ಹೊತ್ತಿಗೆ ದಂಪತಿಗೆ ಮಗುವಾಗಿರುತ್ತಿತ್ತು. ಹಾಗೆ ಬಂದ, ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮಿನ ಒಂದು ಸುರುಳಿಯಲ್ಲಿ ನಮ್ಮಜ್ಜಿ, ಕ್ಯಾಮೆರಾದ ಮುಂದೆ ಅಲುಗಬಾರದೆಂಬ ಹಳೆಯ ಕಟ್ಟಳೆಯಂತೆ, ತುಳಸಿಕಟ್ಟೆಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಸೀರೆಯ ಕೆಂಪು ಇನ್ನೂ ಮಾಸಿಲ್ಲ. ಗಾಳಿಗೆ ಸೆರಗಿನ ತುದಿ ಅಲುಗುವುದರಿಂದ ಮಾತ್ರ ಅದು ಸಿನಿಮಾ ಎಂದು ತಿಳಿಯುತ್ತದೆ. ಅಜ್ಜಿಯ ಕೊನೆಯ ದೀಪಾವಳಿಯದೆಂದು ಬರೆದಿಟ್ಟ ಅದೇ ಫಿಲ್ಮಿನ ಇನ್ನೊಂದು ಕಾರ್ಟ್ರಿಜ್ ತೊಳೆಸದೆಯೇ ಉಳಿದುಹೋಗಿದೆ. ಕೊಡಾಕ್ರೋಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬು, ಕ್ಯಾನ್ಸಸ್‌ನ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ ಕೊನೆಗೆ ಆ ಫಿಲ್ಮನ್ನು ತೊಳೆಯಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಈಗ ತೊಳೆಸಿದರೂ ಕಪ್ಪುಬಿಳುಪಿನಲ್ಲಷ್ಟೇ ಸಿಗಬಹುದು, ಅದೂ ಅಂದು ಫಿಲ್ಮು ಓಡಿದ್ದರೆ. ಪೆಟ್ಟಿಗೆಯ ಮೇಲೆ ಚಿಕ್ಕಪ್ಪ "ಪೂರ್ತಿ 50 ಅಡಿ" ಎಂದು ಬರೆದಿದ್ದಾರೆ, ಕೌಂಟರು ನೋಡಿಕೊಂಡು.

ಬರುವ ತಿಂಗಳು ಅಣ್ಣನ ಮಗನ ಉಪನಯನ. ಒಂದು ಸಿಕ್ಕಿಕೊಂಡರೆ ಇನ್ನೊಂದಿರಲಿ ಎಂದು ಚಿಕ್ಕಪ್ಪ ಈ ಸಲ ಎರಡು ಕಾರ್ಟ್ರಿಜ್ ತರಿಸಿದ್ದಾರೆ. ಪುರೋಹಿತರು ಮುಹೂರ್ತವನ್ನು ಅರ್ಧ ಗಂಟೆ ಹಿಂದಕ್ಕೆ ಇಟ್ಟುಕೊಟ್ಟಿದ್ದಾರೆ.