‘ನನಗೆ ಅಪಾಯ ಕಡಿಮೆ, ಹಾಗಾಗಿ ಮುನ್ನೆಚ್ಚರಿಕೆ ಬೇಡ’ ಎಂಬ ವಾದದ ಕುರಿತು ಸ್ಪಷ್ಟನೆ

ಕೋವಿಡ್‌ನಿಂದ ಆರೋಗ್ಯವಂತ ಯುವಜನರು ಸಾಯುವ ಸಂಭವ ತೀರಾ ಕಡಿಮೆಯಾದ್ದರಿಂದ ಮಾಸ್ಕ್, ಅಂತರ ಮುಂತಾದವು ಅವರವರ ಇಷ್ಟಕ್ಕೆ ಬಿಟ್ಟ ವಿಷಯ ಎಂಬ ಸಂದೇಶವೊಂದು ಸಾಂಕ್ರಾಮಿಕದ ದಿನಗಳಲ್ಲಿ ಹರಿದಾಡಿತ್ತು. ಇದರ ಮೊದಲರ್ಧ ನಿಜ. ವಯಸ್ಸಿನೊಂದಿಗೆ ಸಾವಿನ ಅಪಾಯ ಹಲವು ಪಟ್ಟು ಏರುತ್ತದೆಂದು 2020ರ ಅಂಕಿಅಂಶಗಳೇ ತೋರಿಸಿದ್ದವು. ತೀರ್ಮಾನ ಮಾತ್ರ ತಪ್ಪು: ಮುನ್ನೆಚ್ಚರಿಕೆ ಬಿಟ್ಟವರಿಂದ ಸೋಂಕು ಬೇರೆಯವರಿಗೂ ಹರಡುತ್ತದೆ.

ಲಕ್ಷಣಗಳು ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಸೋಂಕಿತರು ವೈರಾಣುವನ್ನು ಹರಡಬಲ್ಲರಾದ್ದರಿಂದ, ಹುಷಾರು ತಪ್ಪಿದಾಗ ಮನೆಯಲ್ಲೇ ಉಳಿಯುತ್ತೇನೆಂಬ ಪ್ರಾಮಾಣಿಕ ಸಂಕಲ್ಪವೂ ಇಲ್ಲಿ ಸಾಲದು. ಒಬ್ಬರಿಂದ ಸರಾಸರಿ 2.5 ಮಂದಿಗೆ ತಗಲುವ ಸೋಂಕು ತಡೆಯಿಲ್ಲದೆ ಸಾಗಿದರೆ ಹತ್ತನೆಯ ಸುತ್ತೊಂದರಲ್ಲೇ ಸುಮಾರು 9,500 ಮಂದಿಯನ್ನು ತಲುಪುತ್ತದೆ; ಆ ಸರಾಸರಿಯನ್ನು ಅರ್ಧಕ್ಕೆ, ಅಂದರೆ 1.25ಕ್ಕೆ ಇಳಿಸಿದರೆ ಅದೇ ಸುತ್ತಿನಲ್ಲಿ ತಗಲುವುದು ಸುಮಾರು ಒಂಬತ್ತು ಮಂದಿಗೆ. ಯಾವ ಒಬ್ಬ ವ್ಯಕ್ತಿಯ ಲೆಕ್ಕದಲ್ಲೂ ಈ ವ್ಯತ್ಯಾಸ ಕಾಣುವುದಿಲ್ಲ.

ಮೇಲಾಗಿ ‘ನನ್ನ ಅಪಾಯ’ ಎಂಬುದು ಸ್ಥಿರ ಸಂಖ್ಯೆಯೂ ಅಲ್ಲ: ಹಾಸಿಗೆ, ಆಮ್ಲಜನಕಗಳು ಮುಗಿದುಹೋದ ಆಸ್ಪತ್ರೆಗೆ ಅಪಘಾತದ ಗಾಯಾಳುವಾಗಿ ಬರುವ ಯುವಕನಿಗೂ ಅದು ಏರಿರುತ್ತದೆ.

ಇಷ್ಟಾದರೂ ಎಲ್ಲ ನಿರ್ಬಂಧಗಳೂ ಸಮರ್ಥನೀಯವೆಂದು ಇದರರ್ಥವಲ್ಲ. ಗಾಳಿಯಾಡದ ಕೋಣೆಗಿಂತ ಬಯಲಿನಲ್ಲಿ ಸೋಂಕು ತಗಲುವ ಸಾಧ್ಯತೆ ಬಹಳ ಕಡಿಮೆಯಾಗಿರುವಾಗ, ಉದ್ಯಾನಗಳನ್ನು ಮುಚ್ಚಿಸಿದ ಆದೇಶಗಳನ್ನು ಪ್ರಶ್ನಿಸುವುದು ನ್ಯಾಯವೇ ಸರಿ.