ಭಾವನ ಪ್ರೋಟೀನು, ಚಿಕ್ಕಪ್ಪನ ಚಪ್ಪಲಿ

ಮಲೆನಾಡಿನಲ್ಲಿ ಅಡಿಕೆ ರೇಟು ಬಿಟ್ಟರೆ ಈಗ ಹೆಚ್ಚು ಚರ್ಚೆಯಾಗುವ ಅಂಕಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನದು. ಹಿಂದೆ ಶಿವಮೊಗ್ಗಕ್ಕೆ ಹೋದವರು ದುರ್ಗಿಗುಡಿಯಲ್ಲಿ ಬಟ್ಟೆ ತಗೊಂಡು, ಮಸಾಲೆ ದೋಸೆ ತಿಂದು ಬರುತ್ತಿದ್ದರು. ಈಗ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತಾರೆ. ಸಿಲ್ವರ್ ಪ್ಯಾಕೇಜು, ಗೋಲ್ಡ್ ಪ್ಯಾಕೇಜು, ದಂಪತಿಗಳಿಗೆ ರಿಯಾಯಿತಿ. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆ ವಿಂಗಡಿಸಿದ ಹಾಗೆ ಸಂಜೆಯೊಳಗೆ ರಕ್ತವನ್ನು ವಿಂಗಡಿಸಿ ಮೊಬೈಲಿಗೆ ಕಳಿಸುತ್ತಾರೆ. ಮಂಡಿಯವನಿಗಾದರೆ ಮಾಲು ಗೊತ್ತಿರುತ್ತದೆ.

ತೀರ್ಥಹಳ್ಳಿಯ ನಮ್ಮ ಭಾವನಿಗೆ ಟೋಟಲ್ ಪ್ರೋಟೀನ್, ಅಂದರೆ ರಕ್ತದ ಆಲ್ಬುಮಿನ್, ಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳ ಒಟ್ಟು ಮೊತ್ತ, 8.6 ಬಂತು. ಇರಬೇಕಾದ್ದು ಡೆಸಿಲೀಟರಿಗೆ ಸುಮಾರು 6ರಿಂದ 8.3 ಗ್ರಾಂ. ಫ್ಯಾಮಿಲಿ ಗ್ರೂಪಿನಲ್ಲಿ ಅಭಿನಂದನೆಗಳ ಮಳೆ. ‘ಹೆಸರುಕಾಳು ಉಸ್ಲಿ ಫಲ ಕೊಟ್ತು ನೋಡು’ ಎಂದು ಅತ್ತಿಗೆಗೂ ಪಾಲು ಸಿಕ್ಕಿತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದದ್ದಕ್ಕೆ ಭಾವ ನೀರನ್ನೂ ಬಿಟ್ಟು, ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಲ್ಯಾಬ್ ಮುಟ್ಟಿದ್ದ. ಮೈಯಲ್ಲಿ ನೀರು ಕಮ್ಮಿಯಾದರೆ ಪ್ರೋಟೀನ್ ಇದ್ದಷ್ಟೇ ಇರುತ್ತದೆ, ಅಂಕಿ ಮಾತ್ರ ಏರುತ್ತದೆ. ಸಾಲದ್ದಕ್ಕೆ, ತೋಳಿಗೆ ರಬ್ಬರ್ ಪಟ್ಟಿ ಬಿಗಿದ ಹುಡುಗ ಯಾರದೋ ಫೋನಿಗೆ ಹಲೋ ಅಂದ. ಹೆಚ್ಚು ಹೊತ್ತು ಕಟ್ಟಿಟ್ಟರೂ ಅಂಕಿ ಏರುತ್ತದೆ.

ರಾತ್ರಿ ಬೆಂಗಳೂರಿನ ಅಳಿಯ ಗೂಗಲ್ ಮಾಡಿದ. ಬಹುಕಾಲದ ಸೋಂಕು, ಉರಿಯೂತ, ಅಪರೂಪಕ್ಕೆ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್‌ನಲ್ಲೂ ಪ್ರೋಟೀನ್ ಏರುತ್ತದೆ. ನಿಜವೇ, ಅದನ್ನು ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆ ಮಾಡಿ ನೋಡುತ್ತಾರೆ. ‘ಅಪರೂಪಕ್ಕೆ’ ಅನ್ನುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಫಾರ್ವರ್ಡ್ ಮಾಡಿದ. ಅಭಿನಂದಿಸಿದವರು ಒಬ್ಬೊಬ್ಬರಾಗಿ ಮೆಸೇಜು ಅಳಿಸಿದರು.

ಹೊಸನಗರದ ಚಿಕ್ಕಪ್ಪನದು ಸಿಲ್ವರ್ ಪ್ಯಾಕೇಜು. ಟೋಟಲ್ 7, ನಾರ್ಮಲ್ ದಾಟಿದ ಅಂಕಿಗೆ ಹಾಕುವ ನಕ್ಷತ್ರ ಗುರುತಿಲ್ಲ, ದಪ್ಪಕ್ಷರವಿಲ್ಲ. ‘ಈ ವಯಸ್ಸಲ್ಲೂ ಕಲ್ಲು ಕಣೋ’ ಎಂದು ಎಲ್ಲರೂ ಹೊಗಳಿದರು. ಕಾಲು ಊದುತ್ತಿತ್ತು, ಅದಕ್ಕೆ ಒಂದು ಸೈಜು ದೊಡ್ಡ ಚಪ್ಪಲಿ ತಗೊಂಡರು. ಆಮೇಲೆ ಬಿಡಿಸಿ ನೋಡಿದರೆ ಆಲ್ಬುಮಿನ್ 2.6, ಗ್ಲಾಬ್ಯುಲಿನ್ 4.4. ಆಲ್ಬುಮಿನ್ ಸುಮಾರು 3.5ರಿಂದ 5 ಇರಬೇಕು, ತೀರಾ ಇಳಿದರೆ ಕಾಲು ಊದಬಹುದು. ಅದನ್ನು ತಯಾರಿಸುವುದು ಲಿವರ್. ಲಿವರ್ ಸೋತು ಒಂದು ಇಳಿದಾಗ ಇನ್ನೊಂದು ಏರಿ, ಮೊತ್ತ ಸಾಧುವಿನಂತೆ ಕೂತಿತ್ತು. ಬಿಡಿ ಲೆಕ್ಕ ಬೇಕೆಂದರೆ ಗೋಲ್ಡ್ ತಗೋಬೇಕಂತೆ. ಕಿಡ್ನಿ ಸೋರಿದರೂ ಆಲ್ಬುಮಿನ್ ಇಳಿಯುತ್ತದೆ. ಸೋರಿಕೆ ಪತ್ತೆಗೆ ಅಗ್ಗದ ಮೂತ್ರ ಪರೀಕ್ಷೆ ಸಾಕು. ಆದರೆ ಬಣ್ಣ ಹೊಂದಿದರೂ ಮೂತ್ರಕ್ಕೆ ಯಾರೂ ಗೋಲ್ಡ್ ಅಂತ ಹೆಸರಿಡುವುದಿಲ್ಲ.

ಚಿಕ್ಕಪ್ಪನಿಗೆ ನೆಂಟರು ತಂದು ಕೊಟ್ಟದ್ದು ಪ್ರೋಟೀನ್ ಪೌಡರು. ಮೂರು ಡಬ್ಬಿ, ಒಂದು ಚಾಕೊಲೇಟ್ ಫ್ಲೇವರು.

ಈ ನಕ್ಷತ್ರಗಳ ಗುಟ್ಟೂ ಇಷ್ಟೇ. ಆರೋಗ್ಯವಂತರನ್ನೇ ಅಳೆದು, ನಡುವಿನ ಶೇ. 95 ಮಂದಿಯ ಅಂಕಿಗಳನ್ನು ನಾರ್ಮಲ್ ಎಂದು ಗೆರೆ ಎಳೆಯುವುದು ರೂಢಿ. ಗೆರೆಯಾಚೆ ಉಳಿದ ಶೇ. 5 ಮಂದಿಯೂ ಗಟ್ಟಿಮುಟ್ಟಾದವರೇ. 60 ಟೆಸ್ಟಿನ ಪ್ಯಾಕೇಜು ಕೊಂಡ ಗಟ್ಟಿಮುಟ್ಟಾದವನಿಗೂ ಸರಾಸರಿ ಮೂರು ನಕ್ಷತ್ರ ಲೆಕ್ಕಪ್ರಕಾರವೇ ಬೀಳಬೇಕು. ಬೀಳದಿದ್ದರೆ ಮುಂದಿನ ವರ್ಷ ಯಾರು ಬರುತ್ತಾರೆ?

ಮೈಲೋಮಾ ಭಯಕ್ಕೆ ಭಾವ ಕೊನೆಗೊಮ್ಮೆ ಡಾಕ್ಟರ ಹತ್ತಿರ ಹೋದ. ಅವರು ನಾಲಿಗೆ ನೋಡಿದರು, ಬಸ್ಸಿನ ಕಥೆ ಕೇಳಿದರು, ಚೆನ್ನಾಗಿ ನೀರು ಕುಡಿದು ವಾರ ಬಿಟ್ಟು ಮತ್ತೆ ರಕ್ತ ಕೊಡಿ ಅಂದರು. 7.4 ಬಂತು. ಚೀಟಿಯಲ್ಲಿ ಒಂದೂ ಮಾತ್ರೆ ಇಲ್ಲ.

‘ನೀರು ಕುಡೀರಿ ಅನ್ನಕ್ಕೆ ಫೀಸ್ ಎಂತಕ್ಕೆ ಮಾರಾಯಾ? ಅಷ್ಟು ನಮ್ಮ ಅಜ್ಜಿಗೂ ಗೊತ್ತಿತ್ತು’ ಎಂದ ಭಾವ, ಡಾಕ್ಟರನ್ನೇ ಬದಲಾಯಿಸಿದ್ದಾನೆ. ಮನೆತನಕ್ಕೇ ಹೆಚ್ಚಿದ್ದ 8.6 ಹೋದ ಬೇಜಾರು ಬೇರೆ. ಈಗ ಪ್ಲಾಟಿನಂ ಪ್ಯಾಕೇಜು ವಿಚಾರಿಸುತ್ತಿದ್ದಾನೆ.