ಒಮ್ಮೆ ಕೊಂಡರೆ ಸಾಕೇ? ಬಾಳಿಕೆಯ ಸಾಮಾನಿನ ಪರ-ವಿರೋಧ

ಮನೆಗೋ ಕೆಲಸಕ್ಕೋ ಏನಾದರೂ ಕೊಳ್ಳಲು ಹೋದಾಗ ಮನಸ್ಸು ಎರಡಾಗುತ್ತದೆ. ಕೈಗೆಟುಕುವ ಬೆಲೆಯದ್ದು ಒಂದು ಕಡೆ. ಅದರ ಮೂರು ಪಟ್ಟು ಬೆಲೆಯ, 'ಜೀವಮಾನ ಪೂರ್ತಿ ಬರುತ್ತೆ' ಅಂತ ಹೊಗಳಿಸಿಕೊಳ್ಳುವುದು ಇನ್ನೊಂದು ಕಡೆ. ಜಾಸ್ತಿ ದುಡ್ಡು ಹಾಕಿ ಗಟ್ಟಿಯಾದದ್ದನ್ನೇ ಕೊಂಡು ವರ್ಷಗಟ್ಟಲೆ ಜೋಪಾನ ಮಾಡಬೇಕೇ? ಸದ್ಯಕ್ಕೆ ಸಾಕಾಗುವುದನ್ನು ಕೊಂಡು ಸುಮ್ಮನಿರಬೇಕೇ? ಎರಡೂ ಕಡೆಯ ವಕಾಲತ್ತು ನಾನೇ ವಹಿಸಿದ್ದೇನೆ. ಒಂದು ಕಡೆಯ ದನಿ ಸ್ವಲ್ಪ ಜೋರಾಗಿ ಕೇಳಿಸಿದರೆ, ಅದು ನನ್ನ ಮನೆಯ ಕಪಾಟು ಕಲಿಸಿದ ಬುದ್ಧಿ ಅಂದುಕೊಳ್ಳಿ.

ಪರ: ಗಟ್ಟಿಯಾದದ್ದನ್ನೇ ಕೊಳ್ಳಿ, ಚೆನ್ನಾಗಿ ನೋಡಿಕೊಳ್ಳಿ

ಸ್ಕ್ರೂಡ್ರೈವರಿನಿಂದಲೇ ಶುರು ಮಾಡೋಣ. ಅಗ್ಗದ ಸ್ಕ್ರೂಡ್ರೈವರಿನ ಉಕ್ಕು ಮೆತ್ತಗಿರುತ್ತದೆ. ನಾಲ್ಕು ಸಲ ಬಲವಾಗಿ ತಿರುಗಿಸಿದರೆ ತುದಿ ಸವೆದು ಗುಂಡಾಗುತ್ತದೆ. ಅಷ್ಟೇ ಆಗಿದ್ದರೆ ಬಿಸಾಕಿ ಇನ್ನೊಂದು ತರಬಹುದಿತ್ತು. ಗುಂಡಾದ ತುದಿ ಸ್ಕ್ರೂವಿನ ತಲೆಯಲ್ಲಿ ಜಾರುತ್ತದೆ. ಜಾರಿದಷ್ಟೂ ಆ ತಲೆಯನ್ನು ಸವೆಸುತ್ತದೆ. ಕೊನೆಗೆ ಸ್ಕ್ರೂ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅದನ್ನು ಕೊರೆದು ತೆಗೆಯುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಅಂಗಡಿಯಲ್ಲಿ ಉಳಿಸಿದ ದುಡ್ಡನ್ನು ಕೆಲಸದ ಮಧ್ಯೆ ಕಕ್ಕಬೇಕಾಗುತ್ತದೆ, ಅಲ್ವಾ? ಚಾಕುವಿನ ಕತೆಯೂ ಇದೇ. ಮೊಂಡು ಚಾಕುವನ್ನು ಜಾಸ್ತಿ ಒತ್ತಬೇಕು. ಒತ್ತಿದಾಗ ಜಾರುತ್ತದೆ. ಜಾರಿದರೆ ಕುಯ್ಯುವುದು ಬೆರಳನ್ನು.

ಹಾಗಾದರೆ ಗಟ್ಟಿ ಅಂದರೆ ಏನು? ಭಾರ ನೋಡಿ ಮೋಸ ಹೋಗುವವರೇ ಬಹಳ. ನಾನು ನೋಡುವುದು ಜೋಡಣೆಯನ್ನು. ಸ್ಕ್ರೂ ಹಾಕಿದ್ದಾರಾ, ಅಂಟು ಹಚ್ಚಿದ್ದಾರಾ, ಬೆಸೆದೇಬಿಟ್ಟಿದ್ದಾರಾ? ವಾಷಿಂಗ್ ಮೆಷಿನ್ ತೆಗೆದುಕೊಳ್ಳಿ. ಅದರ ಡ್ರಮ್ ಬೇರಿಂಗ್ ಮೇಲೆ ತಿರುಗುತ್ತದೆ. ರಬ್ಬರ್ ಸೀಲ್ ಹಳತಾಗಿ ನೀರು ಒಳಗಿಳಿದರೆ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಮೆಷಿನ್ ಗರಗರ ಅನ್ನತೊಡಗುತ್ತದೆ. ಬೇರಿಂಗ್ ಅಂಗೈಯಲ್ಲಿ ಕೂರುವಷ್ಟು ಸಣ್ಣದು. ಡ್ರಮ್ಮಿನ ಸುತ್ತಲಿನ ಪ್ಲಾಸ್ಟಿಕ್ ಟಬ್ಬು ಎರಡು ಹೋಳಾಗಿದ್ದು, ನಡುವೆ ಬೋಲ್ಟ್ ಇದ್ದರೆ ಮೆಕಾನಿಕ್ ಅದನ್ನು ಬಿಚ್ಚಿ ಹೊಸ ಬೇರಿಂಗ್ ಕೂರಿಸುತ್ತಾರೆ. ಆ ಎರಡು ಹೋಳನ್ನೂ ಕಾಯಿಸಿ ಒಂದೇ ಮಾಡಿ ಬೆಸೆದಿದ್ದರೆ? ಪೂರ್ತಿ ಟಬ್ಬನ್ನೇ ಬದಲಿಸಬೇಕು. ಆ ಖರ್ಚು ಕೇಳಿದವರು ಹೊಸ ಮೆಷಿನ್ ಕೊಳ್ಳಲು ಹೊರಡುತ್ತಾರೆ. ಹೊರಗಿನಿಂದ ನೋಡಿದರೆ ಎರಡು ಮೆಷಿನ್ನುಗಳೂ ಒಂದೇ ಥರ ಬೆಳ್ಳಗೆ ಹೊಳೆಯುತ್ತಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಇಂಥದ್ದಕ್ಕೇ.

ಕೆಲಸಕ್ಕೆ ಹಾಕುವ ಬೂಟಿನಲ್ಲೂ ಇದೇ ಲೆಕ್ಕ. ಅಟ್ಟೆಯನ್ನು ಬರೀ ಅಂಟಿನಿಂದ ಹಚ್ಚಿದ್ದರೆ, ಅಟ್ಟೆ ಸವೆದ ದಿನ ಬೂಟಿನ ಆಯಸ್ಸೂ ಸಾಮಾನ್ಯವಾಗಿ ಮುಗಿದ ಹಾಗೆ. ಮೇಲಿನ ಚರ್ಮಕ್ಕೂ ಅಟ್ಟೆಗೂ ನಡುವೆ ಒಂದು ಪಟ್ಟಿ ಕೊಟ್ಟು ಹೊಲಿಯುವ ಕ್ರಮವೂ ಇದೆ. ಅದನ್ನು ಗುಡ್‌ಇಯರ್ ವೆಲ್ಟ್ ಅನ್ನುತ್ತಾರೆ. ಅದನ್ನು ಹೊಲಿಯುವ ಯಂತ್ರ 1870ರ ಆಸುಪಾಸಿನಲ್ಲೇ ಬಂದಿತ್ತು. ಅಟ್ಟೆ ಸವೆದಾಗ ಹೊಲಿಗೆ ಬಿಚ್ಚಿ ಹೊಸ ಅಟ್ಟೆ ಹಾಕಿಸಬಹುದು. ವರ್ಷಗಟ್ಟಲೆ ನಿಮ್ಮ ಕಾಲಿನ ಅಳತೆಗೆ ಹದವಾದ ಚರ್ಮ ಹಾಗೇ ಉಳಿಯುತ್ತದೆ.

ಅಂಗಡಿಯಲ್ಲಿ ನಾನು ಕೇಳುವುದು ಎರಡೇ ಪ್ರಶ್ನೆ. ಇದರಲ್ಲಿ ಮೊದಲು ಕೆಡುವುದು ಯಾವುದು? ಅದು ಬಿಡಿಯಾಗಿ ಸಿಗುತ್ತಾ? ಉತ್ತರ ಕೊಡುವವರು ತಡವರಿಸಿದರೆ ಆ ಸಾಮಾನನ್ನು ಅಲ್ಲೇ ಇಟ್ಟು ಬರುತ್ತೇನೆ. ಫ್ರಾನ್ಸಿನಲ್ಲಿ ಈ ಪ್ರಶ್ನೆಯನ್ನು ಸರ್ಕಾರವೇ ಕೇಳುತ್ತದೆ. 2021ರ ಜನವರಿಯಿಂದ ಅಲ್ಲಿ ಫೋನು, ಲ್ಯಾಪ್‌ಟಾಪು, ಟಿವಿ, ವಾಷಿಂಗ್ ಮೆಷಿನ್ನುಗಳ ಪಕ್ಕದಲ್ಲಿ ರಿಪೇರಿಯ ಅಂಕವನ್ನೂ ತೋರಿಸಬೇಕಾಯಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂದೆಲ್ಲ ನೋಡಿ 10ಕ್ಕೆ ಇಷ್ಟು ಅಂತ ಕೊಡುತ್ತಾರೆ.

ಇನ್ನು ಜೋಪಾನದ ಮಾತು. ಇದೇನೋ ದೊಡ್ಡ ವ್ರತ ಅಂತ ಹೆದರುವವರಿದ್ದಾರೆ. ಬೇಕಾಗುವುದು ಸ್ವಲ್ಪ ಗಮನ, ಜೊತೆಗೆ ಸರಿಯಾದ ಎಣ್ಣೆ. ಸರಿಯಾದ ಎಣ್ಣೆ ಅಂತ ಬೇಕಂತಲೇ ಹೇಳಿದೆ. ಬೀಡು ಕಬ್ಬಿಣದ ಬಾಣಲೆಗೆ ತೆಳ್ಳಗೆ ಅಡುಗೆ ಎಣ್ಣೆ ಸವರಿ, ಒರೆಸಿ, ಹೊಗೆಯಾಡುವ ತನಕ ಕಾಯಿಸಿ. ಆ ಎಣ್ಣೆ ಶಾಖಕ್ಕೂ ಗಾಳಿಗೂ ಸಿಕ್ಕಿ ಗಟ್ಟಿ ಪದರವಾಗಿ ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. ಬಾಣಲೆ ಪಳಗುವುದು ಅಂದರೆ ಇದೇ. ಅದೇ ಎಣ್ಣೆಯನ್ನು ಹೊಲಿಗೆ ಯಂತ್ರಕ್ಕೆ ಬಿಟ್ಟರೆ ಯಂತ್ರ ಕೆಡುತ್ತದೆ. ಅಲ್ಲೂ ಎಣ್ಣೆ ತನ್ನ ಗುಣ ಬಿಡುವುದಿಲ್ಲ. ದಿನ ಕಳೆದಂತೆ ಗೋಂದಿನ ಹಾಗೆ ಅಂಟಂಟಾಗಿ ತಿರುಗುವ ಭಾಗಗಳನ್ನೆಲ್ಲ ಹಿಡಿದುಬಿಡುತ್ತದೆ. ಯಂತ್ರಕ್ಕೆ ಬೇಕಾದ್ದು ಎಂದೂ ಗಟ್ಟಿಯಾಗದ ತೆಳ್ಳಗಿನ ಮಿಷಿನ್ ಎಣ್ಣೆ. ಕೊಡಲಿ, ಸುತ್ತಿಗೆಗಳ ಮರದ ಕಾವಿಗೆ ಮಾತ್ರ ಮತ್ತೆ ಗಟ್ಟಿಯಾಗುವ ಎಣ್ಣೆಯೇ ಬೇಕು. ಅದಕ್ಕೆ ಅಗಸೆ ಎಣ್ಣೆ ಸವರುತ್ತಾರೆ. (ಸವರಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮಡಿಕೆಯೊಳಗೆ ಸಿಕ್ಕಿದ ಬಿಸಿಗೆ ಬಟ್ಟೆ ತಾನಾಗಿಯೇ ಹೊತ್ತಿಕೊಂಡದ್ದಿದೆ. ಹೊರಗೆ ಹರಡಿ ಒಣಗಿಸಿ.)

ಉಳಿದದ್ದೆಲ್ಲ ಎರಡೆರಡು ನಿಮಿಷದ ಕೆಲಸ. ನೆನೆದ ಬೂಟನ್ನು ಬೆಂಕಿಯ ಹತ್ತಿರ ಇಡದೆ, ಒಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸುವುದು. ಬಿಗಿಯಾದ ಲೋಹದ ಜಿಪ್ಪಿನ ಹಲ್ಲುಗಳ ಮೇಲೆ ಪೆನ್ಸಿಲಿನ ಮೊನೆ ಉಜ್ಜುವುದು. ಉಳಿ, ಇಕ್ಕಳಗಳನ್ನು ಒರೆಸಿ, ಎಣ್ಣೆ ಬಟ್ಟೆ ತಾಕಿಸಿ ಇಡುವುದು.

ಸಾಮಾನು ಬೇಗ ಕೆಡುವುದು ಯಾವಾಗಲೂ ನಮ್ಮ ತಪ್ಪೇ ಅಲ್ಲ ಅನ್ನುವುದೂ ನೆನಪಿರಲಿ. 1924ರಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಅನ್ನುವ ಕೂಟ ಕಟ್ಟಿಕೊಂಡವು. ಆಗ 1,500ರಿಂದ 2,000 ಗಂಟೆ ಉರಿಯುತ್ತಿದ್ದ ಬಲ್ಬುಗಳು ಇದ್ದವು. ಕೂಟ ಅದನ್ನು 1,000 ಗಂಟೆಗೆ ಇಳಿಸಿತು. ತನ್ನ ಬಲ್ಬು ಅದಕ್ಕಿಂತ ಹೆಚ್ಚು ಹೊತ್ತು ಉರಿದರೆ ಆ ಕಂಪನಿಯೇ ದಂಡ ಕಟ್ಟಬೇಕಿತ್ತು! ಮಾರುವವರು ಹೀಗೂ ಯೋಚಿಸಬಲ್ಲರು ಅಂದ ಮೇಲೆ, ಕೊಳ್ಳುವವರು ಎರಡು ಪ್ರಶ್ನೆ ಜಾಸ್ತಿ ಕೇಳಿದರೆ ತಪ್ಪೇನು?

ವಿರೋಧ: ಎಲ್ಲಕ್ಕೂ ಜೀವಮಾನದ ಬಾಳಿಕೆ ಯಾಕೆ?

ಬಲ್ಬಿನ ಕತೆಯನ್ನು ಆ ಕಡೆಯವರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಒಂದು ಬಲ್ಬು 1901ರಿಂದ ಉರಿಯುತ್ತಿದೆ. ಬಾಳಿಕೆಯ ಭಕ್ತರಿಗೆ ಅದು ದೇವರಿದ್ದ ಹಾಗೆ. ಆದರೆ ಅದೀಗ ಉರಿಯುವುದು ಸುಮಾರು 4 ವಾಟಿನಲ್ಲಿ. ರಾತ್ರಿ ಹಾಕುವ ಮಂದ ದೀಪದಷ್ಟು ಬೆಳಕು. ತಂತಿಯ ಬಲ್ಬಿನಲ್ಲಿ ತಂತಿ ಎಷ್ಟು ಕಾಯುತ್ತದೋ, ಅದೇ ಕರೆಂಟಿಗೆ ಅಷ್ಟು ಜಾಸ್ತಿ ಬೆಳಕು ಬರುತ್ತದೆ. ಕಾದಷ್ಟೂ ತಂತಿ ಬೇಗ ಸವೆಯುತ್ತದೆ. ತಣ್ಣಗೆ ಉರಿದರೆ ಆಯಸ್ಸು ಜಾಸ್ತಿ, ಬೆಳಕು ಕಡಿಮೆ. ಫೀಬಸ್ ಕೂಟದವರು ಒಳ್ಳೆಯವರಾಗಿರಲಿಲ್ಲ, ನಿಜ. ಆದರೂ 2,000 ಗಂಟೆ ಉರಿಯುವ ಬಲ್ಬು ಕೊಂಡವರು ಅದೇ ಬೆಳಕಿಗೆ ಕರೆಂಟಿನ ಬಿಲ್ಲನ್ನೂ ಜಾಸ್ತಿ ಕಟ್ಟುತ್ತಿದ್ದರು. ಬಾಳಿಕೆ ಪುಕ್ಕಟೆ ಬರುವುದಿಲ್ಲ. ಬೇರೆ ಯಾವುದೋ ಗುಣ ಬಿಟ್ಟುಕೊಟ್ಟು ಅದನ್ನು ಪಡೆಯಬೇಕು.

ಫ್ರಿಜ್ಜಿಗೂ ಇದೇ ಮಾತು ಸಲ್ಲುತ್ತದೆ. ಅಮೆರಿಕದಲ್ಲಿ 1970ರ ದಶಕದ ಆರಂಭದ ಫ್ರಿಜ್ಜು ನುಂಗುತ್ತಿದ್ದ ಕರೆಂಟಿನಲ್ಲಿ ಈಗಿನದಕ್ಕೆ ಸುಮಾರು ಕಾಲು ಭಾಗ ಸಾಕು. ಐವತ್ತು ವರ್ಷ ಬರುವ ಫ್ರಿಜ್ಜನ್ನು ಆಗ ಯಾರಾದರೂ ಕೊಂಡಿದ್ದರೆ, ಅದನ್ನು ಮನೆಯಿಂದ ಆಚೆ ಕಳಿಸುವುದೇ ಜಾಣತನ. ಸುತ್ತಿಗೆ ನೂರು ವರ್ಷ ಕಳೆದರೂ ಸುತ್ತಿಗೆಯೇ. ಕರೆಂಟು ಕುಡಿಯುವ ಸಾಮಾನು ಹಾಗಲ್ಲ.

'ಹಳೇ ಕಾಲದ ಸಾಮಾನು ಎಷ್ಟು ಗಟ್ಟಿ ನೋಡಿ' ಅನ್ನುವ ಮಾತನ್ನಂತೂ ಕೇಳಿ ಕೇಳಿ ಸಾಕಾಗಿದೆ. ನೂರು ವರ್ಷದ ಹೊಲಿಗೆ ಯಂತ್ರ ಇನ್ನೂ ಟಕಟಕ ಅನ್ನುತ್ತಿರುವುದು ನಮಗೆ ಕಾಣುತ್ತದೆ. ಅದರ ಜೊತೆ ಹುಟ್ಟಿ ಗುಜರಿಗೆ ಹೋದವು ಕಾಣುವುದಿಲ್ಲ. ಉಳಿದವನ್ನಷ್ಟೇ ನೋಡಿ ಇಡೀ ಕಾಲಕ್ಕೆ ಸರ್ಟಿಫಿಕೇಟ್ ಕೊಡುತ್ತೇವೆ.

ಈಗ ನನ್ನ ಬೂಟಿನ ಕತೆ. ದುಬಾರಿ ಬೂಟು ಕೊಂಡೆ. ಚೆಂದ ಇದೆ, ಸುಮ್ನೆ ಯಾಕೆ ಸವೆಸುವುದು ಅಂತ ಡಬ್ಬಿಯಲ್ಲೇ ಇಟ್ಟೆ. ಏಳೆಂಟು ವರ್ಷದ ಮೇಲೆ ತೆಗೆದು ಹಾಕಿಕೊಂಡು ಹೊರಟೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಅಟ್ಟೆ ಪುಡಿ ಪುಡಿಯಾಗಿ ಉದುರಿತು. ನಾನು ನಡೆದ ದಾರಿಯುದ್ದಕ್ಕೂ ಕಪ್ಪು ಚೂರು. ಆ ಅಟ್ಟೆ ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್ಕಿನದು. ಗಾಳಿಯಲ್ಲಿರುವ ತೇವ ಅದರ ಒಳಗಿಳಿದು ನಿಧಾನಕ್ಕೆ ಅದನ್ನು ಒಡೆಯುತ್ತದೆ. ಹಾಕಿ ಓಡಾಡಿದ್ದರೆ ಬಾಳಿದ ಭಾಗ್ಯವಾದರೂ ಸಿಗುತ್ತಿತ್ತು. ಜೋಪಾನ ಮಾಡಿದ್ದಕ್ಕೆ ಸಿಕ್ಕಿದ್ದು ಪುಡಿ. ಮೇಲಿನ ಚರ್ಮ ಮಾತ್ರ ಹೊಚ್ಚ ಹೊಸದಾಗಿತ್ತು, ನೋಡಿ ಹೊಟ್ಟೆ ಉರಿಯಿತು.

ಯಾವ ಸಾಮಾನಿನ ಆಯಸ್ಸೂ ಅದರ ಅತಿ ದುರ್ಬಲ ಭಾಗದ ಆಯಸ್ಸಿನಷ್ಟೇ. ಮಾರುವವರು ಹೊಗಳುವುದು ಮಾತ್ರ ಅತಿ ಗಟ್ಟಿ ಭಾಗವನ್ನು. 'ಮೋಟಾರಿಗೆ 10 ವರ್ಷ ಗ್ಯಾರಂಟಿ' ಅಂತ ದೊಡ್ಡಕ್ಷರದಲ್ಲಿ ಇರುತ್ತದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಉಳಿದದ್ದಕ್ಕೆಲ್ಲ ಎರಡು ವರ್ಷ ಅಂತ ಇರುತ್ತದೆ. ಮೋಟಾರು ಕೆಡುವ ಮೊದಲೇ ಸರ್ಕೀಟ್ ಬೋರ್ಡು ಕೈಕೊಡುತ್ತದೆ. ಆ ಬೋರ್ಡಿನಲ್ಲಿ ಸಣ್ಣ ಡಬ್ಬಿಯಂಥ ಕೆಪ್ಯಾಸಿಟರುಗಳಿರುತ್ತವೆ. ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್ ಗೊತ್ತಿರುವವರ ಅಂದಾಜು ಲೆಕ್ಕ. ಲಿವರ್‌ಮೋರಿನ ಬಲ್ಬು ಕೂಡ 2013ರಲ್ಲಿ ಒಮ್ಮೆ ಆರಿತ್ತು. ಎಲ್ಲರೂ ಸತ್ತೇಹೋಯಿತು ಅಂದುಕೊಂಡರು. ನೋಡಿದರೆ ಬಲ್ಬು ಚೆನ್ನಾಗಿಯೇ ಇತ್ತು, ಅದನ್ನು ಕಾಯಲು ಹಾಕಿದ್ದ ಯುಪಿಎಸ್ ಕೆಟ್ಟಿತ್ತು!

ಎಲ್ಲಕ್ಕಿಂತ ನನಗೆ ಭಯವಾಗುವುದು ಸುರಕ್ಷತೆಯ ಸಾಮಾನನ್ನೂ ಜನ ಇದೇ ಮಮತೆಯಿಂದ ಇಟ್ಟುಕೊಳ್ಳುವುದಕ್ಕೆ. ಬೈಕಿನ ಹೆಲ್ಮೆಟ್ಟಿನ ಒಳಗೆ ಥರ್ಮೋಕೋಲಿನಂಥ ದಪ್ಪ ಪದರ ಇರುತ್ತದೆ. ಪೆಟ್ಟು ಬಿದ್ದಾಗ ಅದು ನಜ್ಜುಗುಜ್ಜಾಗಿ ತಲೆಯನ್ನು ಉಳಿಸಬೇಕು. ಒಮ್ಮೆ ನಜ್ಜಿದ ಮೇಲೆ ಮತ್ತೆ ಉಬ್ಬುವುದಿಲ್ಲ. ಮೇಲಿನ ಚಿಪ್ಪು ಹೊಳೆಯುತ್ತಿರಬಹುದು, ಒಳಗೆ ಅದರ ಕೆಲಸ ಮುಗಿದಿದೆ. ಎತ್ತರದಲ್ಲಿ ಕೆಲಸ ಮಾಡುವವರ ನೈಲಾನ್ ಹಗ್ಗ, ಬೆಲ್ಟುಗಳಿಗೂ ವಾಯಿದೆ ಇದೆ. ಒಮ್ಮೆಯೂ ಬಳಸದೆ ಇಟ್ಟರೂ ಸುಮಾರು 10 ವರ್ಷದ ಮೇಲೆ ಬೇಡ ಅಂತ ತಯಾರಿಸುವವರೇ ಹೇಳುತ್ತಾರೆ. ಇಲ್ಲಿ 'ನಾನು ಚೆನ್ನಾಗಿ ನೋಡಿಕೊಂಡಿದ್ದೇನೆ' ಅನ್ನುವ ಮಾತು ನಡೆಯುವುದಿಲ್ಲ.

ಜೋಪಾನ ಎರಡು ನಿಮಿಷದ ಕೆಲಸ ಅಂದರಲ್ಲ, ಒಂದೊಂದಕ್ಕೆ ಎರಡು ನಿಮಿಷ ಸರಿ. ಮನೆಯಲ್ಲಿ ಅಂಥವು ಎಷ್ಟಿವೆ, ಎಣಿಸಿ ನೋಡಿ. ಬಾಣಲೆ, ಚಾಕು, ಬೂಟು, ಚರ್ಮದ ಚೀಲ, ಮರದ ಕಾವು. ಆನೆ ಕೊಂಡರೆ ಸಾಲದು, ಸಾಕಬೇಕು. ದಿನವಿಡೀ ದುಡಿದು ಬಂದವರಿಗೆ ಚಾಕು ತೊಳೆದ ತಕ್ಷಣ ಒರೆಸುವ ತಾಳ್ಮೆ ಇಲ್ಲದಿದ್ದರೆ ಅದೇನೂ ಪಾಪ ಅಲ್ಲ. ಅಂಥವರಿಗೆ ತುಕ್ಕು ಹಿಡಿಯುವ ಕಾರ್ಬನ್ ಉಕ್ಕಿನ ಚಾಕುವಿಗಿಂತ ಸಾದಾ ಸ್ಟೇನ್‌ಲೆಸ್ ಚಾಕುವೇ ಮೇಲು, ಹರಿತ ಒಂಚೂರು ಕಡಿಮೆಯಾದರೂ ಸರಿ. ಒಂದೇ ಸಲ ಅಷ್ಟು ದುಡ್ಡು ಕೈಯಲ್ಲಿ ಇರಬೇಕಲ್ಲ ಅನ್ನುವ ಪ್ರಶ್ನೆಯೂ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವರಿಗೆ 'ಲೆಕ್ಕ ಹಾಕಿದರೆ ದುಬಾರಿಯದ್ದೇ ಅಗ್ಗ' ಅಂತ ಉಪದೇಶ ಮಾಡುವುದು ಸುಲಭ.

ಹೊಸ ಕೆಲಸ ಕಲಿಯುವವರಿಗೆ ನಾನು ಹೇಳುವುದು, ಮೊದಲು ಸಾಧಾರಣದ್ದು ಕೊಳ್ಳಿ ಅಂತ. ಬಳಸಿ. ಏನಾದರೂ ಮುರಿದರೆ ಅಥವಾ ಕೈಗೆ ಕಿರಿಕಿರಿಯಾದರೆ, ನಿಮಗೆ ಯಾವ ಗುಣ ಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ಹಿಡಿ ದಪ್ಪ ಬೇಕಿತ್ತಾ, ತೂಕ ಕಡಿಮೆ ಇರಬೇಕಿತ್ತಾ, ಉದ್ದ ಸಾಲದಾಯಿತಾ. ಆ ಅನುಭವ ಆಗುವ ಮೊದಲೇ ಅತಿ ಉತ್ತಮವಾದದ್ದನ್ನು ಕೊಂಡರೆ, ಬೇರೆ ಯಾರದೋ ಕೈಗೆ ಉತ್ತಮವಾದದ್ದನ್ನು ಕೊಂಡ ಹಾಗಾಗುತ್ತದೆ. ಮುರಿಯಲೇ ಇಲ್ಲವಾ? ನಿಮಗೆ ಅಷ್ಟೇ ಸಾಕಿತ್ತು.

ಸ್ಕ್ರೂಡ್ರೈವರಿನ ವಿಷಯದಲ್ಲಿ ಮಾತ್ರ ಆ ಕಡೆಯವರ ಮಾತು ಒಪ್ಪುತ್ತೇನೆ. ದಿನಾ ಕೈಗೆ ಬರುವ ನಾಲ್ಕಾರು ಸಾಮಾನು ಗಟ್ಟಿಯಾಗಿಯೇ ಇರಲಿ. ಆದರೆ ವರ್ಷಕ್ಕೊಮ್ಮೆ ಬೇಕಾಗುವುದನ್ನು ಪಕ್ಕದ ಮನೆಯಿಂದ ಕೇಳಿ ತಂದರೆ ಆಯಿತು. ಈ ಬುದ್ಧಿ ನನಗೆ ಬಂದದ್ದು ತಡವಾಗಿ. ವೃತ್ತಿಯವರು ಬಳಸುವಂಥದ್ದೇ ಬೇಕು ಅಂತ ಹಟ ಹಿಡಿದು ಬ್ಯಾಟರಿ ಡ್ರಿಲ್ ಒಂದನ್ನು ತಂದಿದ್ದೆ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುದಿಯಾಗುತ್ತದೆ ಅಂತ ಆಗ ಯಾರೂ ಹೇಳಿರಲಿಲ್ಲ. ಡ್ರಿಲ್ ಕಪಾಟಿನಲ್ಲಿ ಮಿರಮಿರ ಅನ್ನುತ್ತಿದೆ, ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ. ಆ ಮಾದರಿಯ ಬ್ಯಾಟರಿ ಈಗ ಬರುವುದಿಲ್ಲವಂತೆ. ಮೊನ್ನೆ ಕೂತು ಲೆಕ್ಕ ಹಾಕಿದೆ. ಇಷ್ಟು ವರ್ಷದಲ್ಲಿ ಅದರಿಂದ ಕೊರೆದದ್ದು 11 ತೂತು.